ಗಾಡಿಯಲ್ಲಿ ಕೂತವಳ ಕೊನೆಯ ನಾಲ್ಕು ನಿಮಿಷ

ಐದು ಸಿನಿಮಾಗಳಲ್ಲಿ ನಾಲ್ವರು ಹೆಂಗಸರು ಸಾಯುತ್ತಾರೆ, ಐದನೆಯವಳಿಗೆ ಹುಚ್ಚು ಹಿಡಿಯುತ್ತದೆ ಎಂದು ಮೊದಲೇ ಗೊತ್ತಿದ್ದರೆ ಆ ದಿನ ನಾನು ಕೈ ಎತ್ತುತ್ತಿದ್ದೆನೋ ಇಲ್ಲವೋ. ನಮ್ಮ ಮುದೀರ್, ಅಂದರೆ ಮ್ಯಾನೇಜರ್, ಹೇಳಿದ್ದು ಇಷ್ಟೇ. ಯುರೋಪಿನಲ್ಲಿ ಹಳೆಯ ಚಿತ್ರಗಳನ್ನು ಕಾಪಾಡುವ ಸಂಗ್ರಹಾಲಯವೊಂದು ಐದು ಚಿತ್ರಗಳಿಗೆ ಭಾರತೀಯ ಭಾಷೆಗಳಲ್ಲಿ ವರ್ಣನೆ ಮಾಡಿಸುತ್ತಿದೆ. ಪರದೆಯ ಮೇಲೆ ಕಾಣುವುದನ್ನು ಕಣ್ಣು ಕಾಣದವರಿಗೆ ಬಾಯಲ್ಲಿ ಹೇಳುವ ಕೆಲಸ. ಹಿಂದಿ, ತಮಿಳು, ಮಲಯಾಳಂ, ಬಂಗಾಳಿ ಆಗಿದೆ, ಇನ್ನೊಂದಕ್ಕೆ ಜಾಗ ಇದೆ. ನಾನು ಸ್ಕೂಲು ಹುಡುಗಿಯ ಹಾಗೆ ಕೈ ಎತ್ತಿ ಕನ್ನಡ ಎಂದೆ.

ಕುವೈತ್ ಸಿಟಿಯ ನಮ್ಮ ಆರನೇ ಮಹಡಿಯ ಆಫೀಸಿನಲ್ಲಿ ಹದಿನಾಲ್ಕು ವರ್ಷ ನಾನು ಬೇರೆಯವರ ಭಾಷೆಯ ಸಬ್‌ಟೈಟಲ್‌ಗಳ ಸಮಯ ಸರಿಪಡಿಸುತ್ತಾ ಕೂತವಳು. ಅರಬಿ ಗೊತ್ತಾಯಿತು, ಇಂಗ್ಲಿಷ್ ಗಟ್ಟಿಯಾಯಿತು, ಕನ್ನಡದಲ್ಲಿ ಮಾತ್ರ ಒಂದು ಸಾಲು ಬರೆದು ಕೆಲಸ ಎಂದು ಒಪ್ಪಿಸಿದ್ದಿಲ್ಲ. ಮುದೀರ್ ಈಜಿಪ್ಟಿನವರು, ಮೀಸೆ ದೊಡ್ಡದು, ಮನಸ್ಸೂ ದೊಡ್ಡದೇ. ಯಲ್ಲಾ, ನಡಿ, ಮೊದಲ ಚಿತ್ರ ಮಾಡು, ಪರೀಕ್ಷೆಯಲ್ಲಿ ಪಾಸಾದರೆ ಉಳಿದ ನಾಲ್ಕೂ ನಿನ್ನವು, ಫೇಲಾದರೆ ಕನ್ನಡ ಖಲಾಸ್ ಎಂದರು.

ಪರೀಕ್ಷೆಯ ಕ್ರಮ ಹೀಗಿತ್ತು. ದೃಷ್ಟಿಯಿಲ್ಲದ ಕನ್ನಡಿಗರೊಬ್ಬರು ನಮ್ಮ ವರ್ಣನೆಯ ಜೊತೆ ಇಡೀ ಚಿತ್ರ ಕೇಳಬೇಕು. ಆಮೇಲೆ ಸಂಗ್ರಹಾಲಯದ ಪರೀಕ್ಷಕಿ ವಿಡಿಯೋ ಕಾಲ್‌ನಲ್ಲಿ ಬಂದು, ನೀವು ಏನು ನೋಡಿದಿರಿ ಎಂದು ಕೇಳುತ್ತಾರೆ. ಇಬ್ಬರೂ ಒಪ್ಪಿ ಸಹಿ ಮಾಡಿದರೆ ಕೆಲಸ ಮುಗಿದ ಹಾಗೆ. ಆಮೇಲೆ ಅದು ಊರಿನ ಕಡೆಯ ಅಂಧರ ಶಾಲೆಗಳಿಗೆ ಹೋಗುತ್ತದೆ.

ದೃಷ್ಟಿಯಿಲ್ಲದ ಕನ್ನಡಿಗರನ್ನು ಕುವೈತಿನಲ್ಲಿ ಎಲ್ಲಿ ಹುಡುಕುವುದು? ಇಲ್ಲಿ ವಾರದ ರಜೆಯಾದ ಶುಕ್ರವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಕಂಡವರನ್ನೆಲ್ಲ ವಿಚಾರಿಸಿದೆ. ನಮ್ಮ ಕಡೆಯ ಒಬ್ಬ ನರ್ಸ್ ಮಂಗಫ್‌ನಲ್ಲಿರುವ ತುಳುವಿನ ಅಕ್ಕ ಒಬ್ಬರ ಸುದ್ದಿ ಹೇಳಿದಳು. ಗಂಡನಿಗೆ ಶುಐಬಾದ ಕಾರ್ಖಾನೆಯಲ್ಲಿ ಕೆಲಸ. ಅಕ್ಕ ಒಂದು ಕಂಪನಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವರು, ಕಣ್ಣಿನ ನರ ಸೋತು ಆರು ವರ್ಷದಿಂದ ಏನೂ ಕಾಣುವುದಿಲ್ಲ. ಪಾಪ, ಎಷ್ಟು ತಾಳ್ಮೆ, ದೇವರಂಥ ಹೆಂಗಸು ಎಂದು ನರ್ಸ್ ಸೇರಿಸಿದಳು.

ದೇವರಂಥ ಹೆಂಗಸನ್ನು ನೋಡಲು ಹೋಗುವಾಗ ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ನಾನು ಪರ್ಸಿನಲ್ಲಿದ್ದ ಒಂದು ಸಂತಳ ಚಿತ್ರ ತೆಗೆದುಕೊಂಡು ಹೋದೆ. ಕಣ್ಣಿನ ರೋಗಿಗಳಿಗೆಂದು ನಾವು ಪ್ರಾರ್ಥಿಸುವ ಸಂತಳು. ಅಕ್ಕನ ಕೈಗೆ ಅದನ್ನು ಕೊಟ್ಟ ಕ್ಷಣವೇ ನನ್ನ ಬುದ್ಧಿಗೆ ನಾನೇ ಶಾಪ ಹಾಕಿಕೊಂಡೆ. ಕಣ್ಣು ಕಾಣದವರಿಗೆ ಚಿತ್ರ! ಅಕ್ಕ ಕಾರ್ಡನ್ನು ಬೆರಳಲ್ಲಿ ಸವರಿ, ಇದರಲ್ಲಿ ಎಂತ ಉಂಟು ಎಂದರು. ಬೇರೆ ದಾರಿಯಿಲ್ಲದೆ ಹೇಳಿದೆ: ಒಬ್ಬ ಹುಡುಗಿ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅವಳದೇ ಎರಡು ಕಣ್ಣು.

"ಮುಖದಲ್ಲಿ ಉಂಟಾ ಕಣ್ಣು?"

"ಉಂಟು ಅಕ್ಕ. ಮೇಲೆ ನೋಡ್ತಾ ಇದ್ದಾಳೆ."

"ಹಾಗಾದ್ರೆ ಒಟ್ಟು ನಾಲ್ಕು ಆಯ್ತಲ್ಲ ಮಾರಾಯ್ತಿ. ತಟ್ಟೆಯದ್ದು ಈಚೆ ಕೊಡ್ಲಿಕ್ಕೆ ಹೇಳು."

ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದ ಅವರ ಯಜಮಾನರು ಜೋರಾಗಿ ನಕ್ಕರು. ತಾಳ್ಮೆಯ ಮಾತು ಬಂದಾಗ ಅಕ್ಕ, ತಾಳ್ಮೆ ಎಂತದ್ದು, ಮೊದಲ ವರ್ಷ ನಾನು ಎಷ್ಟು ಪ್ಲೇಟು ಬಿಸಾಡಿ ಒಡೆದಿದ್ದೇನೆ ಇವರ ಹತ್ರ ಕೇಳು ಎಂದರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ. ಅವತ್ತಿನಿಂದ ನಮ್ಮದು ಹರಟೆ, ಜಗಳ ಎಲ್ಲ ತುಳುವಿನಲ್ಲಿ, ಕೆಲಸ ಕನ್ನಡದಲ್ಲಿ ಎಂದು ನಿಗದಿಯಾಯಿತು.

ಚಿತ್ರ ಕಪ್ಪು ಬಿಳುಪಿನದು, ಯುರೋಪಿನ ಉತ್ತರದ ಚಳಿ ದೇಶದ್ದು. ಕಥೆ ಸಣ್ಣದು. ಒಂದು ಹಳ್ಳಿಯಲ್ಲಿ ಮನೆಮನೆಯ ಬಟ್ಟೆ ಒಗೆದು ಬದುಕುವ ಒಬ್ಬ ವಿಧವೆ. ಊರಿನ ಮಕ್ಕಳಿಗೆ ಜ್ವರ ಬಂದು ಇಬ್ಬರು ಸಾಯುತ್ತಾರೆ. ಇವಳು ಒಗೆದ ಬಟ್ಟೆಯಿಂದಲೇ ಜ್ವರ ಬಂತು, ಬೇಕೆಂದೇ ಮಾಡಿದಳು ಎಂದು ಊರು ತೀರ್ಮಾನಿಸುತ್ತದೆ. ಐವರು ಹಿರಿಯರು ಒಂದು ಕೊಟ್ಟಿಗೆಯಲ್ಲಿ ಕೂತು ವಿಚಾರಣೆ ನಡೆಸುತ್ತಾರೆ. ಅವಳು ಹೆಚ್ಚು ಮಾತಾಡುವುದಿಲ್ಲ. ಕೊನೆಗೆ ಅವಳನ್ನು ಗಾಡಿಯಲ್ಲಿ ಕೂರಿಸಿ ಕೊಲ್ಲಲು ಒಯ್ಯುತ್ತಾರೆ. ಸಾವನ್ನು ತೋರಿಸುವುದಿಲ್ಲ. ಗಾಡಿಯಲ್ಲಿ ಕೂತವಳ ಮುಖವೊಂದೇ ಪರದೆ ತುಂಬ ನಾಲ್ಕು ನಿಮಿಷ ಇರುತ್ತದೆ, ಆಮೇಲೆ ಕತ್ತಲೆ.

ಚಿತ್ರದ ಜೊತೆ ಸಂಗ್ರಹಾಲಯದ ಒಂದು ಮಾರ್ಗದರ್ಶಿಯೂ ಬಂದಿತ್ತು. ಐದೂ ಚಿತ್ರಗಳನ್ನು ಆರಿಸಿದ್ದೇ ಒಂದು ದಾರದಲ್ಲಿ ಪೋಣಿಸಿ: ಹಿಂಸೆಗೆ ಒಳಗಾದ ಹೆಣ್ಣು ಹುತಾತ್ಮಳಾಗುವ ಬಗೆ. ಸನ್ಯಾಸಿನಿ, ಕಾರ್ಖಾನೆಯ ಹುಡುಗಿ, ದ್ವೀಪದ ಟೀಚರ್, ಹೊಟ್ಟೆಗಿಲ್ಲದ ತಾಯಿ, ನಮ್ಮ ಬಟ್ಟೆ ಒಗೆಯುವವಳು. ಐದನ್ನೂ ತೆಗೆದವರು ಗಂಡಸರು. ಕೊನೆಯ ನಾಲ್ಕು ನಿಮಿಷದ ಬಗ್ಗೆ ಮಾರ್ಗದರ್ಶಿ ಖಡಾಖಂಡಿತವಾಗಿತ್ತು: ರೆಕ್ಕೆಗಳ ಸದ್ದು, ಮೇಲೆತ್ತಿದ ಕಣ್ಣು, ಕೆನ್ನೆಯ ಮೇಲೆ ಒಂದು ಹನಿ ಕಣ್ಣೀರು, ಸಂತಳಾಗುವ ಮುಖ, ಇದು ವರ್ಣನೆಯಲ್ಲಿ ಬರಲೇಬೇಕು.

ನನಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಮನೆಯ ಆಲ್ತಾರಿನಲ್ಲಿ, ಅಂದರೆ ದೇವರ ಪೀಠದಲ್ಲಿ, ಸಂಜೆಯ ತೇರ್ಸ್ ಜಪಮಾಲೆ ಹೇಳಲು ಮೊಣಕಾಲೂರಿದಾಗ ನನ್ನ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಇಂಥ ಹೆಂಗಸರದೇ ಸಾಲು. ಒಬ್ಬಳ ಕೈಯಲ್ಲಿ ಚಕ್ರ, ಒಬ್ಬಳ ಪಕ್ಕ ಕತ್ತಿ, ಎಲ್ಲರ ಕಣ್ಣೂ ಮೇಲೆ. ಐವತ್ಮೂರು ಸಲ ನಮೋ ಮರಿಯ ಹೇಳಿ ಮುಗಿಯುವವರೆಗೆ ನೋಡಲು ಬೇರೇನೂ ಇರಲಿಲ್ಲ. ಆದ್ದರಿಂದ ಆ ಕೊನೆಯ ಭಾಗವನ್ನೇ ಮೊದಲು ಬರೆದೆ, ನಾಲ್ಕು ನಿಮಿಷ ಪೂರ್ತಿ ತುಂಬುವ ಹಾಗೆ. 'ಸ್ವರ್ಗದತ್ತ ಕಣ್ಣೆತ್ತಿದ್ದಾಳೆ. ಮುಖದಲ್ಲಿ ದಿವ್ಯವಾದ ಶಾಂತಿ. ಕಾಣದ ರೆಕ್ಕೆಗಳು ಅವಳನ್ನು ಕರೆಯುತ್ತಿವೆ.' ಬರೆದು ನಾನೇ ಕಣ್ಣೊರೆಸಿಕೊಂಡೆ.

ಉಳಿದ ಭಾಗ ಅಷ್ಟು ಸುಲಭವಿರಲಿಲ್ಲ. ಪಾತ್ರಗಳ ಮಾತನ್ನು ಕನ್ನಡದಲ್ಲಿ ಓದಿದ ಧ್ವನಿ ಬೆಂಗಳೂರಿನಿಂದ ತಯಾರಾಗಿ ಬಂದಿತ್ತು. ನನ್ನ ಪಾಲಿಗೆ ಉಳಿದದ್ದು ಮಾತಿನ ನಡುವಿನ ಸಂದಿಗಳು. ಸಂದಿ ಎರಡು ಸೆಕೆಂಡಿನದಾದರೆ ನಾಲ್ಕು ಪದ, ಐದಾದರೆ ಒಂದು ಪುಟ್ಟ ವಾಕ್ಯ. ಕನ್ನಡದಲ್ಲಿ ಏನಾಯಿತು ಎಂಬುದು ವಾಕ್ಯದ ತುದಿಗೆ ಬರುತ್ತದೆ. 'ಅಧ್ಯಕ್ಷನಂತಿದ್ದ ಮುದುಕ ಎದ್ದು ಬಾಗಿಲನ್ನು' ಎನ್ನುವಷ್ಟರಲ್ಲಿ ಬಾಗಿಲು ಧಡ್ ಎಂದು ಮುಚ್ಚಿಯಾಗಿರುತ್ತಿತ್ತು. ಒಂದೊಂದು ವಾಕ್ಯವನ್ನೂ ಸ್ಟಾಪ್‌ವಾಚ್ ಹಿಡಿದು ಓದಿ, ಕತ್ತರಿಸಿ, ಮತ್ತೆ ಓದಿದೆ. ಮೂರು ವಾರವಾಯಿತು. ಧ್ವನಿಯೂ ನನ್ನದೇ, ಆಫೀಸಿನ ಪುಟ್ಟ ರೆಕಾರ್ಡಿಂಗ್ ಕೋಣೆಯಲ್ಲಿ ಎಸಿ ಆರಿಸಿ, ಬೆವರಿಳಿಸುತ್ತಾ ಓದಿದ್ದು.

ಮೊದಲ ಕರಡು ಮುಗಿದಾಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬಸ್ಸಿನಲ್ಲಿ ಮಂಗಫ್‌ಗೆ ಹೋದೆ. ಅಕ್ಕ ಹೆಡ್‌ಫೋನ್ ಹಾಕಿಕೊಂಡು, ಹಳೆಯ ಆಪರೇಟರ್ ಗತ್ತಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಹತ್ತು ನಿಮಿಷಕ್ಕೆಲ್ಲ ತಕರಾರು ಶುರು. ಕೊಟ್ಟಿಗೆಯ ವಿಚಾರಣೆಯಲ್ಲಿ ನಾನು 'ಅವಳು ಅಸಹಾಯಕಳಾಗಿ ನಿಂತಿದ್ದಾಳೆ' ಎಂದು ಬರೆದಿದ್ದೆ.

"ಅಸಹಾಯಕ ಅಂತ ನಿನಗೆ ಹೇಗೆ ಗೊತ್ತಾಯ್ತು?"

"ಕಾಣ್ತದಲ್ಲ ಅಕ್ಕ."

"ನನಗೆ ಕಾಣುದಿಲ್ಲ. ಕೈ ಎಲ್ಲಿ ಉಂಟು ಹೇಳು."

ನಾನು ಹಿಂದಕ್ಕೆ ಓಡಿಸಿ ನೋಡಿದೆ. ಮೂರು ವಾರ ಈ ದೃಶ್ಯವನ್ನು ನೋಡಿದ್ದರೂ ಅವಳ ಕೈ ನೋಡಿರಲಿಲ್ಲ. ಕೈಗಳು ಮುಂದೆ ಕಟ್ಟಿದ ಏಪ್ರನ್ನಿನ ತುದಿಯನ್ನು ಹಿಡಿದು ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುಚುತ್ತಿದ್ದವು, ಒದ್ದೆ ಬಟ್ಟೆ ಹಿಂಡುವಾಗ ತಿರುಚುವ ಹಾಗೆ. ಅದನ್ನು ಹೇಳಿದೆ. ಅಕ್ಕ ತಲೆಯಾಡಿಸಿ, ಸಿಟ್ಟು ಬಂದಿದೆ ಅವಳಿಗೆ ಎಂದರು. ಅಸಹಾಯಕ ಎಂಬ ಪದವನ್ನು ನಾನು ಒಟ್ಟು ಏಳು ಕಡೆ ಹಾಕಿದ್ದೆ. ಏಳನ್ನೂ ತೆಗೆದು ಅಲ್ಲೆಲ್ಲ ಕೈ, ಕಾಲು, ಕತ್ತು ಎಲ್ಲಿದೆ ಎಂದು ಬರೆದೆ. ಸುಂದರ, ಮುಗ್ಧ, ದೈನ್ಯ ಎಂಬ ಪದಗಳಿಗೂ ಅದೇ ಗತಿಯಾಯಿತು. ನನ್ನ ಮುಖ ಸಣ್ಣದಾದದ್ದು ಅವರಿಗೆ ಕಾಣದಿದ್ದರೂ ಗೊತ್ತಾಯಿತು, ಒಂದು ಬಿಸ್ಕತ್ತು ಹೆಚ್ಚು ಕೊಟ್ಟರು.

ಮುಂದಿನ ಎರಡು ಭೇಟಿಗಳೂ ಹೀಗೇ ಆದವು. ಪರೀಕ್ಷೆ ಬುಧವಾರ ಎಂದು ನಿಗದಿಯಾಯಿತು. ಅದರ ಹಿಂದಿನ ಶನಿವಾರ ಮಧ್ಯಾಹ್ನ, ಊಟ ಮುಗಿಸಿ, ಕೊನೆಯ ನಾಲ್ಕು ನಿಮಿಷ ಹಾಕಿದೆ. ಈ ಭಾಗದ ಬಗ್ಗೆ ನನಗೆ ಭಯವಿರಲಿಲ್ಲ. ಶಭಾಷ್ ಹೇಳುತ್ತಾರೆ ಎಂದುಕೊಂಡು ಎದುರಿಗೆ ಕೂತಿದ್ದೆ. ಒಂದೂವರೆ ನಿಮಿಷಕ್ಕೆ ಅಕ್ಕ ಕೈ ಎತ್ತಿದರು.

"ನಿನ್ನ ಮಾತಿನ ಹಿಂದೆ ಎಂತದೋ ಬಡೀತಾ ಉಂಟು."

ರೆಕ್ಕೆ ಎಂದೆ. ನೀನು ಹಕ್ಕಿ ನೋಡಿದೆಯಾ ಎಂದರು. ಇಲ್ಲ, ಕಾಣುವುದಿಲ್ಲ, ಅವರ ಮಾರ್ಗದರ್ಶಿಯಲ್ಲಿ ಬರೆದಿದೆ ಎಂದೆ. ನಿನ್ನ ಸ್ವರ ತೆಗೆದು ಬರೀ ಸಿನಿಮಾದ ಸದ್ದು ಹಾಕು ಎಂದರು. ಹಾಕಿದೆ. ಗಾಡಿಯ ಚಕ್ರದ ಕಿರ್ ಕಿರ್, ಗಾಳಿ, ಅದರ ನಡುವೆ ತಪ್, ತಪ್ ಎಂದು ಬಿಟ್ಟುಬಿಟ್ಟು ಬರುವ ಒಂದು ಸದ್ದು. ಅಕ್ಕ ಅದನ್ನು ಮೂರು ಸಲ ಕೇಳಿದರು.

"ಇದು ಬಟ್ಟೆ. ಒದ್ದೆ ಬಟ್ಟೆ, ದೊಡ್ಡದು. ಚಾದರ ಇರ್ಬೇಕು."

ನಾನು ನಂಬಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಎಷ್ಟೋ ವರ್ಷದಿಂದ ದೊಡ್ಡ ದೊಡ್ಡವರು ನೋಡಿ, ಬರೆದು, ಪಾಠ ಮಾಡಿದ ಚಿತ್ರ ಅದು. ಅಕ್ಕ ವಾದಕ್ಕೆ ನಿಲ್ಲಲಿಲ್ಲ. ಒಂದು ಬೆಡ್‌ಶೀಟ್ ನೀರಲ್ಲಿ ಅದ್ದಿ, ಬಕೆಟ್ಟಿಗೆ ಹಾಕಿ, ನನ್ನ ಕೈಯಲ್ಲಿ ಹೊರಿಸಿ, ಲಿಫ್ಟಿನಲ್ಲಿ ಟೆರೇಸಿಗೆ ಕರೆದೊಯ್ದರು. ಅಲ್ಲಿ ಟ್ಯಾಂಕುಗಳ ನಡುವೆ ಹಗ್ಗ ಕಟ್ಟಿದ್ದರು. ಅವರಿಗೆ ಆ ಜಾಗ ಅಂಗೈ ರೇಖೆ. ಗಾಳಿ ಎದ್ದಿತ್ತು, ಸಂಜೆಯೊಳಗೆ ಧೂಳು ಬರುವ ಲಕ್ಷಣವಿತ್ತು. ಬೆಡ್‌ಶೀಟನ್ನು ಹಿಂಡದೆ ಹಗ್ಗದ ಮೇಲೆ ಎಸೆದು, ಪಕ್ಕದಲ್ಲಿ ಒಣಗಿದ್ದ ಒಂದು ಲುಂಗಿಯ ತುದಿಯನ್ನು ನನ್ನ ಕೈಗೆ ಕೊಟ್ಟು, ಕಣ್ಣು ಮುಚ್ಚು ಎಂದರು. ಮುಚ್ಚಿದೆ. ಲುಂಗಿ ಪಟಪಟ ಎನ್ನುತ್ತಿತ್ತು, ಹಗುರಾಗಿ, ಬಿಡುವಿಲ್ಲದೆ. ಬೆಡ್‌ಶೀಟ್ ಹಾಗಲ್ಲ. ಗಾಳಿಗೆ ನಿಧಾನವಾಗಿ ಎದ್ದು, ತಪ್ ಎಂದು ಬಿದ್ದು, ಸ್ವಲ್ಪ ಹೊತ್ತು ಸುಮ್ಮನಾಗಿ, ಮತ್ತೆ ತಪ್. ನಾನು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ನೆತ್ತಿ ಸುಡುತ್ತಿತ್ತು, ಕಾಲಿಗೆ ನೀರು ತೊಟ್ಟಿಕ್ಕುತ್ತಿತ್ತು. ಒಳಗೊಳಗೇ ನನಗೆ ಹೆದರಿಕೆ ಶುರುವಾಗಿತ್ತು.

ಭಾನುವಾರ ಆಫೀಸಿನಲ್ಲಿ ಎರಡೂ ಸದ್ದುಗಳನ್ನು ಒಂದರ ಕೆಳಗೊಂದು ಇಟ್ಟು ಅವುಗಳ ಅಲೆಗಳನ್ನು ನೋಡಿದೆ. ಅದೇ ಏರಿಕೆ, ಅದೇ ಬೀಳುವಿಕೆ. ಆಮೇಲೆ ಚಿತ್ರವನ್ನು ಒಂದೊಂದೇ ಫ್ರೇಮ್ ಮುಂದೆ ತಳ್ಳುತ್ತಾ ಹೋದೆ. ನಾಲ್ಕು ನಿಮಿಷ ಎಂದರೆ ಆರು ಸಾವಿರಕ್ಕೆ ಹತ್ತಿರ ಫ್ರೇಮುಗಳು. ಮಧ್ಯಾಹ್ನ ಊಟದ ಹೊತ್ತಿಗೆ ಪರದೆಯ ಮೇಲಂಚಿನ ಬಲಮೂಲೆಯಲ್ಲಿ ಏನೋ ಬಿಳಿಯದು ಇಳಿದು ಹೋದದ್ದು ಸಿಕ್ಕಿತು. ಒಂಬತ್ತು ಫ್ರೇಮ್, ಅರ್ಧ ಸೆಕೆಂಡೂ ಇಲ್ಲ. ಮಡಚಿ ಹೊಲಿದ ಒಂದು ಅಂಚು. ಹಳೆಯ ಪ್ರತಿಗಳಲ್ಲಿ ಮೇಲಂಚು ಕತ್ತರಿಸಿ ಹೋಗಿತ್ತು, ಈಗ ದುರಸ್ತಿ ಮಾಡಿದ ಪ್ರತಿಯಲ್ಲೇ ಅದು ಮರಳಿ ಬಂದಿರುವುದು ಎಂದು ಮಾರ್ಗದರ್ಶಿಯ ಕೊನೆಯ ಪುಟದಲ್ಲಿ ಬರೆದಿತ್ತು. ಆ ಪುಟವನ್ನು ನಾನು ಓದೇ ಇರಲಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. ಹಿಂಡಿದ್ದು ಸಾಲದು, ನೀರು ಬೀಳ್ತಾ ಇರ್ಬೇಕು ನೋಡು ಎಂದರು. ಆಗ ಆ ಕಣ್ಣೀರಿನ ಹನಿಗೆ ಹೋದೆ. ನಿಧಾನವಾಗಿ ನೋಡಿದರೆ ಹನಿ ಕಣ್ಣಿನಿಂದ ಇಳಿದದ್ದಲ್ಲ. ಕಣ್ಣಿನ ಕೆಳಗೆ, ಕೆನ್ನೆಯ ಮೂಳೆಯ ಮೇಲೆ, ಮೇಲಿನಿಂದ ಬಂದು ಬಿದ್ದಿತ್ತು. ಬಿದ್ದ ಮೇಲೆ ಅವಳು ಕಣ್ಣು ಮಿಟುಕಿಸಿದಳು. ಅವಳ ಕಣ್ಣುಗುಡ್ಡೆಗಳು ಸುಮ್ಮನೆ ಮೇಲಕ್ಕೆ ನೆಟ್ಟಿರಲೂ ಇಲ್ಲ. ಗಾಡಿ ಮುಂದೆ ಹೋದ ಹಾಗೆ ಒಂದೊಂದು ಬಟ್ಟೆಯನ್ನೂ ಹಿಂಬಾಲಿಸಿ, ಬಿಟ್ಟು, ಮುಂದಿನದಕ್ಕೆ ಬರುತ್ತಿದ್ದವು. ಅಂದರೆ ಓಣಿಯ ಮೇಲೆ ಅಡ್ಡಡ್ಡ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಮುಖದ ಮೇಲೆ ಹಾದುಹೋಗುವ ನೆರಳನ್ನು ನಾನು 'ಬೆಳಕು ಕತ್ತಲೆಯ ಲೀಲೆ' ಎಂದು ಬರೆದಿದ್ದೆ. ಮೂರು ವಾರ ಆ ಮುಖವನ್ನೇ ನೋಡಿದ್ದ ನಾನು ನೋಡಿದ್ದು ನಮ್ಮ ಮನೆಯ ಆಲ್ತಾರನ್ನು. ನನಗೆ ನಾಚಿಕೆಯಾಯಿತು.

ಸೋಮವಾರ ಮುದೀರ್ ಅವರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿ, 'ಮಿಲಾಯಾ' ಎಂದರು. ಅವರ ಊರಿನಲ್ಲಿ ಚಾದರಕ್ಕೆ ಹಾಗೆ ಹೇಳುತ್ತಾರೆ. ಆಮೇಲೆ ಕುರ್ಚಿಗೆ ಒರಗಿ ಮೀಸೆ ಸವರಿಕೊಂಡರು. ಉಳಿದ ನಾಲ್ಕು ಭಾಷೆಗಳೂ ರೆಕ್ಕೆ ಹೇಳಿ ಪಾಸಾಗಿವೆ. ಪರೀಕ್ಷಕಿ ಬೇರೆ ಯಾರೂ ಅಲ್ಲ, ಆ ಮಾರ್ಗದರ್ಶಿ ಬರೆದವರೇ. ಬರಲೇಬೇಕು ಎಂದು ಅವರು ಬರೆದದ್ದನ್ನು ನೀನು ತೆಗೆದರೆ ಅವರು ಏನು ಮಾಡಬೇಕು? ಇಷ್ಟನ್ನೂ ಅವರು ಬೇಸರದಿಂದಲೇ ಹೇಳಿದರು. ನಾನು ತಡೆಯುವುದಿಲ್ಲ, ಆದರೆ ಕನ್ನಡ ಹೋದರೆ ನನ್ನ ಹತ್ತಿರ ಬಂದು ಅಳಬೇಡ ಎಂದರು.

ಆ ಸಂಜೆ ಮತ್ತೆ ಮಂಗಫ್‌ಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಅವರು ಬಟಾಣಿ ಬಿಡಿಸುತ್ತಿದ್ದರು.

"ನಿನ್ನ ಕೆಲಸ ಹೋಗ್ತದಾ?"

"ಕೆಲಸ ಹೋಗುದಿಲ್ಲ ಅಕ್ಕ. ಕನ್ನಡ ಹೋಗ್ತದೆ."

ಸ್ವಲ್ಪ ಹೊತ್ತು ಬಟಾಣಿ ಬಿಡಿಸಿದರು.

"ಹಾಗಾದ್ರೆ ರೆಕ್ಕೆ ಅಂತಲೇ ಹೇಳು. ನಿನಗೆ ಬೇಕಾದ್ದು ಮಾಡು. ನಾನು ಸೈನ್ ಮಾತ್ರ ಹಾಕುದಿಲ್ಲ."

ಅವರ ಸ್ವರದಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. ಬಸ್ಸಿನಲ್ಲಿ ಮರಳುವಾಗ ಬೇರೆ ಯಾರನ್ನಾದರೂ ಹುಡುಕಿ ಸಹಿ ಹಾಕಿಸಬಹುದೇ ಎಂದೂ ಯೋಚಿಸಿದೆ. ಸುಳ್ಳು ಹೇಳುವುದಿಲ್ಲ, ಅಬು ಹಲೀಫಾ ದಾಟುವವರೆಗೆ ಅದನ್ನೇ ಯೋಚಿಸಿದೆ. ಹದಿನಾಲ್ಕು ವರ್ಷ ಕಾದು ಸಿಕ್ಕ ಕೆಲಸ. ಒಂಬತ್ತು ಫ್ರೇಮಿಗಾಗಿ ಕಳೆದುಕೊಳ್ಳುವುದೇ? ಊರಿನ ಶಾಲೆಯಲ್ಲಿ ಕೂತು ಕೇಳುವ ಮಕ್ಕಳಿಗೆ ರೆಕ್ಕೆಯಾದರೇನು, ಚಾದರವಾದರೇನು, ಅವರು ಎದ್ದು ಬಂದು ಪರದೆ ನೋಡುತ್ತಾರೆಯೇ? ಈ ಮಾತು ಮನಸ್ಸಿಗೆ ಬಂದದ್ದೇ ನನ್ನ ಕಿವಿ ಬಿಸಿಯಾಯಿತು. ಅವರು ಎದ್ದು ಬಂದು ನೋಡಲಾರರು ಎಂಬ ಕಾರಣಕ್ಕೇ ನಾನು ಇಲ್ಲಿರುವುದು. ಕಣ್ಣಿದ್ದವರು ನಾನು ಹೇಳಿದ್ದನ್ನು ಒಪ್ಪದೆ ಇರಬಹುದು. ಇಲ್ಲದವರು ನನ್ನ ಮಾತನ್ನೇ ನಂಬಬೇ‍ಕು.

ಇನ್ನೊಂದು ಮಾತೂ ಹೊಳೆಯಿತು. ಆ ಐದು ಹೆಂಗಸರನ್ನೂ ಅವರವರ ಊರು ಹಿಂಸಿಸಿತು. ಕ್ಯಾಮೆರಾ ಅವರನ್ನು ಪೂಜಿಸಿತು. ಊರಿಗೂ ಕ್ಯಾಮೆರಾಕ್ಕೂ ಆ ಹೆಂಗಸು ಏನು ನೋಡುತ್ತಿದ್ದಾಳೆ ಎಂದು ಕೇಳುವ ಪುರುಸೊತ್ತಿರಲಿಲ್ಲ. ನಾನೂ ಆ ಪೂಜಿಸುವವರ ಸಾಲಿನಲ್ಲೇ ಹೋಗಿ ನಿಂತಿದ್ದೆ. ಅಕ್ಕನನ್ನು ನೋಡುವ ಮೊದಲೇ ಅವರ ಕೈಗೆ ಸಂತಳ ಚಿತ್ರ ಹಿಡಿಸಿದವಳಲ್ಲವೇ.

ಮಂಗಳವಾರ ಬೆಳಿಗ್ಗೆ ಕೊನೆಯ ನಾಲ್ಕು ನಿಮಿಷದ ವರ್ಣನೆಯನ್ನು ಪೂರ್ತಿ ಅಳಿಸಿದೆ. ಏನು ಬರೆದರೂ ಆ ಸದ್ದನ್ನು ನನ್ನ ಸ್ವರ ಮುಚ್ಚುತ್ತದೆ ಎಂಬುದೇ ದೊಡ್ಡ ತೊಂದರೆ. ಬರೆದು, ಹೊಡೆದು, ಮತ್ತೆ ಬರೆದು, ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಇಷ್ಟು: 'ಗಾಡಿ ಓಣಿಗೆ ತಿರುಗಿತು. ಅವಳ ಮುಖ. ಓಣಿಯ ಮೇಲೆ ಹಗ್ಗಗಳು, ಒಗೆದ ಬಟ್ಟೆ. ಕಣ್ಣು ಬಟ್ಟೆಯ ಮೇಲೆ.' ಆಮೇಲೆ ಎರಡು ನಿಮಿಷ ನಾನು ಬಾಯಿ ಬಿಡುವುದಿಲ್ಲ. ಹನಿ ಬಿದ್ದಾಗ 'ಮೇಲಿನಿಂದ ಕೆನ್ನೆಗೆ ಒಂದು ಹನಿ ನೀರು' ಎನ್ನುತ್ತೇನೆ. ಕೊನೆಗೆ, ಕತ್ತಲೆಗೆ ಸ್ವಲ್ಪ ಮುಂಚೆ, ಉಗುಳು ನುಂಗಿ ಅವಳ ಗಂಟಲು ಆಡುವಾಗ ಒಂದೇ ಪದ: 'ನುಂಗಿದಳು.' ರೆಕಾರ್ಡಿಂಗ್ ಕೋಣೆಯಲ್ಲಿ ಅಷ್ಟು ಹೊತ್ತು ಮೈಕಿನ ಎದುರು ಸುಮ್ಮನೆ ಕೂರುವುದು ಓದುವುದಕ್ಕಿಂತ ಕಷ್ಟವಾಯಿತು. ಮುದೀರ್ ಗಾಜಿನ ಆಚೆಯಿಂದ, ಮೆಷಿನ್ ಕೆಟ್ಟಿದೆಯಾ ಎಂದು ಕೈಸನ್ನೆಯಲ್ಲಿ ಕೇಳಿದರು.

ಬುಧವಾರ ಅಕ್ಕನನ್ನು ಅವರ ಯಜಮಾನರು ಕರೆತಂದು ಬಿಟ್ಟುಹೋದರು. ಗಂಜಿ ಹಾಕಿದ ಹತ್ತಿಯ ಸೀರೆ, ತಲೆಯಲ್ಲಿ ಹೂವು, ಮದುವೆಗೆ ಹೊರಟವರ ಹಾಗೆ ಬಂದಿದ್ದರು. ಸಭೆಯ ಕೋಣೆಯಲ್ಲಿ ಕೂತು ಇಡೀ ಚಿತ್ರ ಕೇಳಿದರು. ಅವರಿಗೂ ಕೊನೆಯ ಭಾಗದ ಹೊಸ ವರ್ಣನೆ ಮೊದಲ ಸಲವೇ. ಚಿತ್ರ ಮುಗಿದ ಮೇಲೆ ಹೆಡ್‌ಫೋನ್ ತೆಗೆದು, ಮೇಜಿನ ಮೇಲೆ ಇಟ್ಟು, ಅದರ ವೈರನ್ನು ನೀಟಾಗಿ ಸುತ್ತಿದರು.

ಪರೀಕ್ಷಕಿ ಪರದೆಯ ಮೇಲೆ ಬಂದರು. ಬಿಳಿ ಕೂದಲಿನ, ಮೆಲುದನಿಯ ಹಿರಿಯ ಹೆಂಗಸು. ಅವರ ಇಂಗ್ಲಿಷನ್ನು ನಾನು ಕನ್ನಡಕ್ಕೆ, ಅಕ್ಕನ ಕನ್ನಡವನ್ನು ಇಂಗ್ಲಿಷಿಗೆ ಮಾಡಬೇಕು. ಕೊಟ್ಟಿಗೆ, ವಿಚಾರಣೆ, ಏಪ್ರನ್ನು ತಿರುಚುವ ಕೈ, ಎಲ್ಲವನ್ನೂ ಅಕ್ಕ ಒಂದೊಂದಾಗಿ ಹೇಳಿದರು. ಪರೀಕ್ಷಕಿ ಬರೆದುಕೊಳ್ಳುತ್ತಾ ಖುಷಿಯಾಗಿದ್ದರು. ಆಮೇಲೆ ಕೊನೆಯ ದೃಶ್ಯದಲ್ಲಿ ಏನು ನೋಡಿದಿರಿ ಎಂದರು.

"ಮೇಲೆ ಚಾದರ ಒಣಗ್ಲಿಕ್ಕೆ ಹಾಕಿದ್ದಾರೆ. ಇವಳನ್ನು ಹಿಡಿದ ಮೇಲೆ ಬೇರೆ ಯಾರೋ ಒಗೆದದ್ದು. ಸರಿ ಹಿಂಡ್ಲಿಲ್ಲ, ನೀರು ಇವಳ ಮುಖಕ್ಕೇ ಬೀಳ್ತಾ ಉಂಟು. ಇವಳು ಅದನ್ನೇ ನೋಡ್ತಾ ಇದ್ದಾಳೆ."

ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಪರೀಕ್ಷಕಿಯ ಪೆನ್ನು ನಿಂತಿತು. ಯಾವ ಚಾದರ ಎಂದು ನನ್ನನ್ನು ಕೇಳಿದರು. ನಾನು ಒಂಬತ್ತು ಫ್ರೇಮಿನ ಜಾಗ ಹೇಳಿದೆ, ಹನಿಯದ್ದೂ ಹೇಳಿದೆ. ಅವರು ಅಲ್ಲೇ ತಮ್ಮ ಕಂಪ್ಯೂಟರಿನಲ್ಲಿ ತೆಗೆದು ನೋಡಿದರು. ಆಮೇಲೆ, ಸದ್ದು ಹಾಕಿ ಎಂದರು. ನಮ್ಮ ಕಡೆಯಿಂದ ಹಾಕಿದೆ. ಅವರು ಕನ್ನಡಕ ತೆಗೆದು, ಕಣ್ಣು ಮುಚ್ಚಿ, ನಾಲ್ಕು ನಿಮಿಷ ಪೂರ್ತಿ ಕೇಳಿದರು. ಪಕ್ಕದಲ್ಲಿದ್ದ ಮುದೀರ್ ಮೀಸೆಯ ತುದಿ ಜಗಿಯುತ್ತಿದ್ದರು.

ಕಣ್ಣು ತೆರೆದ ಮೇಲೆ ಅವರು, ನಾನು ವಿದ್ಯಾರ್ಥಿನಿಯಾಗಿದ್ದಾಗಿನಿಂದ ಈ ಚಿತ್ರ ನೋಡುತ್ತಿದ್ದೇನೆ, ಇದನ್ನು ಕೇಳಿರಲಿಲ್ಲ ಎಂದರು. ಕನ್ನಡ ಹೀಗೆಯೇ ಇರಲಿ, ಉಳಿದ ನಾಲ್ಕು ಭಾಷೆಗಳನ್ನು ತಿದ್ದಿಸುತ್ತೇನೆ, ಮಾರ್ಗದರ್ಶಿಯನ್ನೂ ಎಂದರು. ಮುದೀರ್ ಮೇಜಿನ ಕೆಳಗೆ ನನ್ನ ಕಾಲು ತುಳಿದರು, ಸಂತೋಷಕ್ಕೆ. ನಾನು ಅಕ್ಕನಿಗೆ ಹೇಳಿದೆ. ಅವರು ಹೌದಾ ಎಂದು ಸೀರೆಯ ಸೆರಗು ಸರಿಮಾಡಿಕೊಂಡರು.

ಪರೀಕ್ಷಕಿ ಕರೆ ಮುಗಿಸಲಿಲ್ಲ. ಇದು ಪರೀಕ್ಷೆಯ ಪ್ರಶ್ನೆ ಅಲ್ಲ, ನನಗೋಸ್ಕರ ಕೇಳುತ್ತಿದ್ದೇನೆ ಎಂದರು. ಅವಳು ಸಾವನ್ನು ಒಪ್ಪಿಕೊಂಡಿದ್ದಾಳೆ, ಎಲ್ಲರನ್ನೂ ಕ್ಷಮಿಸಿ ಶಾಂತಳಾಗಿದ್ದಾಳೆ ಎಂದು ನಾನು ಇಷ್ಟು ವರ್ಷ ಪಾಠ ಮಾಡಿದೆ. ಇವರಿಗೆ ಹಾಗೆ ಅನ್ನಿಸಲಿಲ್ಲವೇ? ನಾನು ಅದನ್ನು ಕನ್ನಡದಲ್ಲಿ ಕೇಳಿದೆ.

"ಇಲ್ಲ. ಅವಳಿಗೆ ಸಾಯ್ಲಿಕ್ಕೆ ಮನಸ್ಸಿಲ್ಲ. ಬಿಟ್ಟಿದ್ದರೆ ಇಳಿದು ಹೋಗಿ ಆ ಚಾದರ ಪುನಃ ಹಿಂಡಿ ಹಾಕ್ತಿದ್ದಳು."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ, ಒಂದು ಪದವನ್ನೂ ಸೇರಿಸದೆ, ಬಿಡದೆ.